ಎಲ್ಕ್ ಜಾಸ್ತಿಯೋ ಕಡಿಮೆಯೋ? ಮೊದಲು ಯಾರ ಬೇಲಿಯೊಳಗೆ ಅಂತ ಕೇಳಿ

ಪ್ರಶ್ನೆ: ಮೇಡಂ, ನಾನು ಹಾಸನದ ಕಡೆಯವನು. ಕೆಲಸದ ಮೇಲೆ ಅಮೆರಿಕದ ಮೊಂಟಾನಾ ರಾಜ್ಯದ ಬೋಜ್‌ಮನ್ ಊರಿಗೆ ಬಂದು ನೆಲೆಸಿದ್ದೇನೆ. ನಮ್ಮ ಸಕಲೇಶಪುರದಲ್ಲಿ ಆನೆ ವಿಚಾರಕ್ಕೆ ಜಗಳ ಆದ ಹಾಗೆ ಇಲ್ಲಿ ಎಲ್ಕ್ ಎಂಬ ದೊಡ್ಡ ಜಿಂಕೆಯ ವಿಚಾರಕ್ಕೆ ಆಗುತ್ತದೆ. ಪ್ಯಾರಡೈಸ್ ವ್ಯಾಲಿಯಲ್ಲಿ ದನ ಸಾಕುವ ಪರಿಚಯದವರೊಬ್ಬರು “ಎಲ್ಕ್ ವಿಪರೀತ ಆಗಿವೆ, ಬಣವೆ ಉಳಿಯಲ್ಲ” ಅಂತಾರೆ. ನನ್ನ ಆಫೀಸಿನ ಗೆಳೆಯ ಐದು ವಾರದ ಬೇಟೆ ಸೀಸನ್ ಪೂರ್ತಿ ಕಾಡು ಸುತ್ತಿ ಬರಿಗೈಲಿ ಬಂದ. ಅವನ ಪ್ರಕಾರ ತೋಳಗಳೇ ಎಲ್ಲ ತಿಂದು ಮುಗಿಸಿವೆ. ಇಬ್ಬರಲ್ಲಿ ಯಾರ ಮಾತು ನಂಬಲಿ? ನಿಜವಾಗಿ ಜಾಸ್ತಿ ಇದ್ದರೆ ಸರ್ಕಾರ ಇನ್ನಷ್ಟು ಪರ್ಮಿಟ್ ಕೊಟ್ಟು ಸರಿಮಾಡಬಾರದೇಕೆ? ಮುಂದಿನ ವರ್ಷ ನನ್ನನ್ನೂ ಶಿಕಾರಿಗೆ ಕರೆಯುತ್ತಿದ್ದಾನೆ. ಹೋದರೆ ಎಲ್ಲಿ ಕಾಲಿಡಬಹುದು, ಎಲ್ಲಿ ಇಡಬಾರದು?

ಉತ್ತರ: ಇಬ್ಬರೂ ಕಣ್ಣಾರೆ ಕಂಡದ್ದನ್ನೇ ಹೇಳುತ್ತಿದ್ದಾರೆ. ರಾಂಚಿನವರ, ಅಂದರೆ ದೊಡ್ಡ ಜಮೀನಿನಲ್ಲಿ ದನ ಸಾಕುವ ನಿಮ್ಮ ಪರಿಚಯದವರ, ಹುಲ್ಲುಗಾವಲಿನಲ್ಲಿ ಬೆಳಿಗ್ಗೆ ದೊಡ್ಡ ಹಿಂಡೇ ನಿಂತಿರುತ್ತದೆ. ಅದೇ ಬೆಳಿಗ್ಗೆ, ಅಲ್ಲಿಂದ ಎರಡು ಮೈಲಿ ಮೇಲಿನ ಸರ್ಕಾರಿ ಕಾಡಿನಲ್ಲಿ ನಿಮ್ಮ ಗೆಳೆಯರಿಗೆ ಹಳೆಯ ಹೆಜ್ಜೆ ಗುರುತು ಬಿಟ್ಟರೆ ಏನೂ ಸಿಗುವುದಿಲ್ಲ. ಎರಡೂ ಒಂದೇ ಹಿಂಡಿನ ಕಥೆ. ಎಲ್ಕ್ ಎಷ್ಟಿವೆ ಅನ್ನುವುದು ಅರ್ಧ ಪ್ರಶ್ನೆ ಅಷ್ಟೇ. ಸೀಸನ್ನಿನ ಹಗಲು ಹೊತ್ತಿನಲ್ಲಿ ಅವು ಯಾರ ಜಮೀನಿನಲ್ಲಿ ನಿಂತಿರುತ್ತವೆ ಅನ್ನುವುದು ಉಳಿದರ್ಧ. ನನ್ನನ್ನು ಕೇಳಿದರೆ ಅದೇ ಮುಖ್ಯ. ತೋಳದ ಲೆಕ್ಕದಲ್ಲಿ ಮಾತ್ರ ನಿಮ್ಮ ಗೆಳೆಯರು ಸ್ವಲ್ಪ ದಾರಿ ತಪ್ಪಿದ್ದಾರೆ. ಅದಕ್ಕೆ ಆಮೇಲೆ ಬರುತ್ತೇನೆ.

ಎಲ್ಕ್ ನೋಡಿರದ ಓದುಗರಿಗೆ ಒಂದು ಮಾತು. ಇದು ನಮ್ಮ ಕಡವೆಯ ಬಳಗದ್ದೇ, ಆದರೆ ಇನ್ನೂ ದೊಡ್ಡದು. ಹೆಣ್ಣು ಸುಮಾರು 225 ಕೆ.ಜಿ., ಗಂಡು 300 ಕೆ.ಜಿ. ದಾಟುತ್ತದೆ. ಕಾಶ್ಮೀರದ ದಾಚಿಗಾಮ್‌ನಲ್ಲಿರುವ ಹಂಗುಲ್ ಇದರ ಹತ್ತಿರದ ನೆಂಟ. ಸೆಪ್ಟೆಂಬರಿನಲ್ಲಿ ಬೆದೆ. ಆಗ ಗಂಡು ಕೂಗುವುದು ಕೊಳಲಿಗೆ ಜೋರಾಗಿ ಊದಿದ ಹಾಗೆ ಕೇಳುತ್ತದೆ, ಆ ಗಾತ್ರದ ಪ್ರಾಣಿಯ ಗಂಟಲಿನಿಂದ ಬಂದದ್ದು ಅನಿಸುವುದೇ ಇಲ್ಲ. ಮೇ ಕೊನೆ, ಜೂನ್ ಹೊತ್ತಿಗೆ ಮರಿ ಹಾಕುತ್ತದೆ, ಸಾಮಾನ್ಯವಾಗಿ ಒಂದೇ. ಬೇಸಿಗೆಯಲ್ಲಿ ಎತ್ತರದ ಬೆಟ್ಟಗಳ ಮೇಲೆ ಮೇಯುತ್ತದೆ, ಹಿಮ ಬಿದ್ದ ಮೇಲೆ ಕಣಿವೆಗೆ ಇಳಿಯುತ್ತದೆ.

ಕಣಿವೆಗೆ ಇಳಿಯುವುದೇ ಎಲ್ಲ ತಕರಾರಿನ ಮೂಲ. ಹತ್ತೊಂಬತ್ತನೇ ಶತಮಾನದಲ್ಲಿ ಬಿಳಿಯರು ಇಲ್ಲಿ ಬಂದು ಜಮೀನು ಹಿಡಿದಾಗ ನೀರು, ಹುಲ್ಲು, ಸಮತಟ್ಟು ನೆಲ ಇದ್ದ ಕಣಿವೆಗಳನ್ನೇ ಆರಿಸಿಕೊಂಡರು. ಯಾರಿಗೂ ಬೇಡವಾದ ಬಂಡೆ, ಕಾಡು, ಎತ್ತರದ ಬೆಟ್ಟಗಳು ಸರ್ಕಾರದ ಹತ್ತಿರ ಉಳಿದವು. ಅವೇ ಇವತ್ತಿನ ರಾಷ್ಟ್ರೀಯ ಅರಣ್ಯಗಳು. ಹಾಗಾಗಿ ಬೇಸಿಗೆಯ ಮೇವು ಸಾರ್ವಜನಿಕರದ್ದು, ಚಳಿಗಾಲದ ಮೇವು ಖಾಸಗಿಯವರದ್ದು. ಕಾನೂನಿನ ಪ್ರಕಾರ ಎಲ್ಕ್ ಯಾರ ಸೊತ್ತೂ ಅಲ್ಲ, ರಾಜ್ಯದ ಜನರ ಪರವಾಗಿ ಸರ್ಕಾರ ನೋಡಿಕೊಳ್ಳುವ ಪ್ರಾಣಿ. ಅದು ನಿಂತ ನೆಲ ಮಾತ್ರ ಒಬ್ಬರ ಆಸ್ತಿ. ಪ್ರಾಣಿ ಎಲ್ಲರದ್ದು, ಗೇಟಿನ ಬೀಗ ಒಬ್ಬರದ್ದು.

ಈಗ ಸೀಸನ್ ಶುರುವಾದಾಗ ಏನಾಗುತ್ತದೆ ನೋಡಿ. ಮೊಂಟಾನಾದಲ್ಲಿ ಸೆಪ್ಟೆಂಬರ್ ಮೊದಲಲ್ಲಿ ಬಿಲ್ಲು ಬಾಣದವರ ಸೀಸನ್, ಸುಮಾರು ಆರು ವಾರ. ಅಕ್ಟೋಬರ್ ಕೊನೆಯಿಂದ ಥ್ಯಾಂಕ್ಸ್‌ಗಿವಿಂಗ್ ಹಬ್ಬ ಮುಗಿದ ಭಾನುವಾರದವರೆಗೆ ಕೋವಿ ಸೀಸನ್, ಐದು ವಾರ. ಮೊದಲ ಈಡು ಕೇಳಿದ ಕೆಲವೇ ದಿನಗಳಲ್ಲಿ ಎಲ್ಕ್ ಹಿಂಡು ಜಾಗ ಬದಲಿಸುತ್ತದೆ. ಜಿಪಿಎಸ್ ಕೊರಳಪಟ್ಟಿ ಕಟ್ಟಿದ ಪ್ರಾಣಿಗಳ ಓಡಾಟ ನಕ್ಷೆಯ ಮೇಲೆ ಹಾಕಿದರೆ ಇದು ಸ್ಪಷ್ಟವಾಗಿ ಕಾಣುತ್ತದೆ. ಸರ್ಕಾರಿ ಕಾಡಿನಿಂದ ಹೊರಟು, ಯಾರೂ ಬೇಟೆಯಾಡದ ರಾಂಚಿನೊಳಗೆ ಬಂದು ಕೂತುಬಿಡುತ್ತವೆ. ಕೆನಡಾದ ಆಲ್ಬರ್ಟಾದಲ್ಲಿ ಹೆಣ್ಣು ಎಲ್ಕ್‌ಗಳನ್ನು ವರ್ಷಗಟ್ಟಲೆ ಹಿಂಬಾಲಿಸಿ ನೋಡಿದ್ದಾರೆ. ವಯಸ್ಸಾದಂತೆ ಅವು ಓಡಾಟ ಕಡಿಮೆ ಮಾಡುತ್ತವೆ, ರಸ್ತೆಯಿಂದ ದೂರ ಇರುತ್ತವೆ. ಹತ್ತು ವರ್ಷದ ಸುಮಾರಿಗೆ ಬಂದ ಹೆಣ್ಣು ಬೇಟೆಗಾರನ ಕೈಗೆ ಸಿಗುವುದೇ ಅಪರೂಪ. ಹಿಂಡಿಗೆ ದಾರಿ ತೋರಿಸುವವೂ ಇಂಥ ಹಳೆಯ ಹೆಣ್ಣುಗಳೇ ಅಲ್ವಾ? ಮರಿಗಳು ಅವುಗಳ ಹಿಂದೆ ನಡೆದು ಅದೇ ಬೇಲಿ, ಅದೇ ಹಳ್ಳ, ಅದೇ ಸುರಕ್ಷಿತ ಜಾಗ ಕಲಿಯುತ್ತವೆ.

ಆ ಸುರಕ್ಷಿತ ಜಾಗದ ಯಜಮಾನರು ಯಾರು? ಕೆಲವರು ಹೊರಗಿನಿಂದ ಬಂದು ಬೆಟ್ಟ, ನದಿ ನೋಡಿಕೊಂಡಿರಲು ರಾಂಚ್ ಕೊಂಡವರು. ಅವರಿಗೆ ಎಲ್ಕ್ ಕಿಟಕಿಯಾಚೆ ಕಂಡರೆ ಸಂತೋಷ. ಇನ್ನು ಕೆಲವರು ಬೇಟೆ ಹಕ್ಕನ್ನು ಔಟ್‌ಫಿಟರ್‌ಗಳಿಗೆ, ಅಂದರೆ ದುಡ್ಡು ಕೊಟ್ಟು ಬರುವ ಗಿರಾಕಿಗಳನ್ನು ಬೇಟೆಗೆ ಕರೆದೊಯ್ಯುವವರಿಗೆ, ಗುತ್ತಿಗೆ ಕೊಟ್ಟಿರುತ್ತಾರೆ. ಆ ಗಿರಾಕಿಗಳಿಗೆ ಬೇಕಾದದ್ದು ದೊಡ್ಡ ಕೊಂಬಿನ ಗಂಡು. ಹೆಣ್ಣು ಹೊಡೆಯಲು ಯಾರೂ ಸಾವಿರಾರು ಡಾಲರ್ ಸುರಿಯುವುದಿಲ್ಲ. ಉಳಿದವರು ಮೂರು ತಲೆಮಾರಿನಿಂದ ದನ ಸಾಕಿಕೊಂಡು ಬಂದವರು. ಇವರಲ್ಲಿ ಅನೇಕರು ಕೇಳಿಕೊಂಡು ಬಂದವರನ್ನು ಒಳಗೆ ಬಿಡುತ್ತಾರೆ. ಹಗಲೆಲ್ಲ ಬೀಗ ಹಾಕಿದ ರಾಂಚಿನಲ್ಲಿ ಮಲಗಿದ ಹಿಂಡು ರಾತ್ರಿ ಪಕ್ಕದ ಈ ದನದವರ ಜಮೀನಿಗೆ ನುಗ್ಗುತ್ತದೆ. ಕುದುರೆ ಮಸಾಲೆ ಸೊಪ್ಪು ಮೇಯುತ್ತದೆ, ಬಣವೆ ಕಿತ್ತು ಹರಡುತ್ತದೆ, ತಂತಿ ಬೇಲಿ ತುಳಿದು ಬೀಳಿಸುತ್ತದೆ. ಬೆಳಕು ಹರಿಯುವ ಮೊದಲೇ ವಾಪಸ್. ಬೇಟೆಗೆ ಗೇಟು ತೆರೆದವರಿಗೇ ನಷ್ಟ, ಮುಚ್ಚಿದವರಿಗೆ ಏನೂ ಇಲ್ಲ. ನಿಮ್ಮ ಪರಿಚಯದವರ ಸಿಟ್ಟು ಎಲ್ಲಿಂದ ಬಂತು ಅಂತ ಈಗ ಅರ್ಥವಾಗಬಹುದು.

ಪರ್ಮಿಟ್ ಜಾಸ್ತಿ ಕೊಟ್ಟರೆ ಸಾಲದೇ ಎಂಬ ಪ್ರಶ್ನೆಗೆ ಬರೋಣ. ಅದಕ್ಕೆ ಮೊದಲು ಎಣಿಕೆ ಹೇಗೆ ಮಾಡುತ್ತಾರೆ ಅಂತ ಗೊತ್ತಿರಬೇಕು. ಚಳಿಗಾಲದ ಕೊನೆಯಲ್ಲಿ, ಬಿಳಿ ಹಿಮದ ಮೇಲೆ ಕಂದು ಮೈ ಎದ್ದು ಕಾಣುವಾಗ, ವಿಮಾನ ಅಥವಾ ಹೆಲಿಕಾಪ್ಟರ್‌ನಲ್ಲಿ ಹಾರಿ ಎಣಿಸುತ್ತಾರೆ. ಬೆಳಿಗ್ಗೆ ಬೇಗ ಹೊರಡಬೇಕು, ಬಿಸಿಲೇರಿದರೆ ಅವು ಮರಗಳ ಕೆಳಗೆ ಸರಿಯುತ್ತವೆ. ಕಿಟಕಿಯಿಂದ ನೋಡುವವರಿಗೆ ಮೊದಲು ಕಾಣುವುದು ಪ್ರಾಣಿಯಲ್ಲ, ಹಿಮದಲ್ಲಿ ತುಳಿದು ಆದ ಕಾಲುದಾರಿಗಳು. ಆ ದಾರಿ ಹಿಡಿದು ಹೋದರೆ ಹಿಂಡು. ಐವತ್ತರೊಳಗಿದ್ದರೆ ಬಾಯಲ್ಲೇ ಎಣಿಸಬಹುದು. ನೂರಾರು ಇದ್ದರೆ ಫೋಟೋ ಹೊಡೆದುಕೊಂಡು ಬಂದು, ಆಫೀಸಿನಲ್ಲಿ ಪರದೆಯ ಮೇಲೆ ಒಂದೊಂದಕ್ಕೂ ಚುಕ್ಕೆ ಇಟ್ಟು ಎಣಿಸುವುದು. ಬೆನ್ನು, ಕಣ್ಣು ಎರಡೂ ಸೋಲುವ ಕೆಲಸ. ದೊಡ್ಡ ಗಂಡುಗಳು ಬೇರೆಯಾಗಿ, ಗಾಳಿ ಹಿಮವನ್ನು ಹಾರಿಸಿ ಹುಲ್ಲು ಬಿಡಿಸಿದ ದಿಬ್ಬಗಳ ಮೇಲೆ ಸಣ್ಣ ಸಣ್ಣ ಗುಂಪಿನಲ್ಲಿರುತ್ತವೆ. ಅವು ತಪ್ಪಿಹೋಗುವುದು ಸುಲಭ. ಹಾಗಾಗಿ ಪತ್ರಿಕೆಯಲ್ಲಿ ಬರುವ ಅಂಕಿ “ಕಂಡದ್ದು ಇಷ್ಟು” ಅನ್ನುವುದೇ ಹೊರತು “ಇರುವುದು ಇಷ್ಟೇ” ಅಂತಲ್ಲ.

ಒಟ್ಟು ಸಂಖ್ಯೆಗಿಂತ ನಾವು ಹೆಚ್ಚು ನೋಡುವುದು ಪ್ರಮಾಣವನ್ನು. ನೂರು ಹೆಣ್ಣಿಗೆ ಎಷ್ಟು ಮರಿ ಚಳಿಗಾಲ ದಾಟಿವೆ, ಎಷ್ಟು ಗಂಡು ಉಳಿದಿವೆ. ಒಂದು ಲೆಕ್ಕ ಹಾಕೋಣ. ಇದು ನಿಜವಾದ ಹಿಂಡಿನದ್ದಲ್ಲ, ತಿಳಿಯಲು ಅಷ್ಟೇ. ಸಾವಿರದ ಹಿಂಡು. ಅದರಲ್ಲಿ 650 ಬೆಳೆದ ಹೆಣ್ಣು, 195 ಮರಿ, 155 ಗಂಡು. ನೂರು ಹೆಣ್ಣಿಗೆ 30 ಮರಿ ಅಂದ ಹಾಗಾಯಿತು. ಮರಿಗಳಲ್ಲಿ ಅರ್ಧ ಹೆಣ್ಣು ಅಂದರೆ ಮುಂದಿನ ವರ್ಷ 97 ಹೊಸ ಹೆಣ್ಣುಗಳು ಸೇರುತ್ತವೆ. ಮುಪ್ಪು, ರೋಗ, ಚಳಿ, ಕಾಡುಪ್ರಾಣಿ ಎಲ್ಲ ಸೇರಿ 60 ಹೆಣ್ಣುಗಳು ಸಾಯುತ್ತವೆ ಅಂದುಕೊಳ್ಳಿ. ಹಿಂಡು ಬೆಳೆಯದೆ ಇದ್ದಷ್ಟೇ ಇರಬೇಕಾದರೆ ಬೇಟೆಗಾರರು ಸುಮಾರು 37 ಹೆಣ್ಣು ಹೊಡೆಯಬೇಕು. ಐದು ಜನರಲ್ಲಿ ಒಬ್ಬರಿಗೆ ಸಿಗುತ್ತದೆ ಅಂದರೆ 185 ಹೆಣ್ಣು ಪರ್ಮಿಟ್ ಸಾಕು. ಹಿಂಡು ಬೀಗದ ಗೇಟಿನ ಹಿಂದೆ ಹೋಗಿ ಕೂತರೆ? ಇಪ್ಪತ್ತರಲ್ಲಿ ಒಬ್ಬರಿಗೆ ಮಾತ್ರ ಸಿಗಬಹುದು. ಆಗ ಅದೇ 185 ಪರ್ಮಿಟ್‌ಗೆ ಒಂಬತ್ತು ಪ್ರಾಣಿ ಬೀಳುತ್ತವೆ. ಸರ್ಕಾರ ಪರ್ಮಿಟ್ ನಾಲ್ಕು ಪಟ್ಟು ಮಾಡಿದರೆ ಏನಾಗುತ್ತದೆ? ಸರ್ಕಾರಿ ಕಾಡಿನಲ್ಲಿ ನಾಲ್ಕು ಪಟ್ಟು ಜನ. ಅಲ್ಲಿ ಉಳಿದಿದ್ದ ನಾಲ್ಕಾರು ಎಲ್ಕ್‌ಗಳೂ ಬೇಲಿ ದಾಟುತ್ತವೆ. ಕಾಡು ಖಾಲಿ, ರಾಂಚು ಭರ್ತಿ.

ಈ ಲೆಕ್ಕದಲ್ಲಿ ಗಂಡುಗಳ ಮಾತೇ ಬರಲಿಲ್ಲ ಗಮನಿಸಿದಿರಾ? ಒಂದು ಗಂಡು ಅನೇಕ ಹೆಣ್ಣುಗಳನ್ನು ಕೂಡುತ್ತದೆ. ಐವತ್ತು ಗಂಡು ಹೊಡೆದರೂ ಮುಂದಿನ ಜೂನಿನಲ್ಲಿ ಹುಟ್ಟುವ ಮರಿಗಳ ಸಂಖ್ಯೆ ಹೆಚ್ಚುಕಡಿಮೆ ಅಷ್ಟೇ ಇರುತ್ತದೆ. ಕೊಂಬಿನ ಫೋಟೋ ಗೋಡೆಗೆ ಚಂದ, ಹಿಂಡಿನ ಗಾತ್ರಕ್ಕೆ ಅದರಿಂದ ಏನೂ ಆಗುವುದಿಲ್ಲ. ಔಟ್‌ಫಿಟರ್ ಗಿರಾಕಿಗಳಿಗೆ ಮಾತ್ರ ಗೇಟು ತೆರೆಯುವ ರಾಂಚಿನವರು “ನಾವೂ ಬೇಟೆಗೆ ಬಿಡುತ್ತೇವಲ್ಲ” ಅಂತ ಸಭೆಗಳಲ್ಲಿ ಹೇಳುವಾಗ ನನಗೆ ಸುಮ್ನೆ ಕೂರುವುದು ಕಷ್ಟ.

“ಜಾಸ್ತಿ” ಅಂತ ನಿರ್ಧರಿಸುವವರು ಯಾರು ಅನ್ನುವುದನ್ನೂ ಕೇಳಬೇಕು. 2003ರಲ್ಲಿ ಮೊಂಟಾನಾ ಶಾಸನಸಭೆ ಒಂದು ಕಾನೂನು ಮಾಡಿತು. ರಾಜ್ಯದ ಮೀನು, ವನ್ಯಜೀವಿ ಮತ್ತು ಉದ್ಯಾನ ಇಲಾಖೆ ಎಲ್ಕ್ ಹಿಂಡುಗಳನ್ನು ಗುರಿ ಸಂಖ್ಯೆಯ ಮಟ್ಟದಲ್ಲಿ ಇಡಬೇಕು ಅಂತ. 2005ರ ಯೋಜನೆಯಲ್ಲಿ ಪ್ರದೇಶವಾರು ಆ ಗುರಿಗಳು ಬಂದವು, 2023ರಲ್ಲಿ ಹೊಸ ಯೋಜನೆ ಬಂತು. ಜನ ಅಂದುಕೊಳ್ಳುವುದು ಈ ಗುರಿ ಎಂದರೆ ಹುಲ್ಲು ಎಷ್ಟು ಪ್ರಾಣಿಗಳಿಗೆ ಸಾಕು ಅನ್ನುವ ಲೆಕ್ಕ ಅಂತ. ಆದರೆ ಹುಲ್ಲು ಇನ್ನೂ ಎಷ್ಟೋ ಎಲ್ಕ್‌ಗಳಿಗೆ ಸಾಕಾಗುವ ಕಡೆಯೂ ಗುರಿ ಸಣ್ಣದಿರುತ್ತದೆ. ಯಾಕೆಂದರೆ ಅದರಲ್ಲಿ ದೊಡ್ಡ ಪಾಲು ಜಮೀನುದಾರರ ತಾಳ್ಮೆಯ ಲೆಕ್ಕ. ಅದು ತಪ್ಪು ಅಂತ ನಾನು ಹೇಳುವುದಿಲ್ಲ. ಚಳಿಗಾಲದಲ್ಲಿ ಮೇವು ಕೊಡುವವರ ಮಾತಿಗೆ ಬೆಲೆ ಇರಬೇಕು. ಆದರೆ ಅದನ್ನು ವಿಜ್ಞಾನದ ಅಂಕಿ ಅಂತ ತೋರಿಸಬಾರದು.

ಈಗ ತೋಳ. ನಿಮ್ಮ ಗೆಳೆಯರು ಹೇಳುವುದು ಯೆಲ್ಲೋಸ್ಟೋನ್ ರಾಷ್ಟ್ರೀಯ ಉದ್ಯಾನದ (ಪಾರ್ಕಿನ) ಉತ್ತರದ ಹಿಂಡಿನ ಕಥೆ ಇರಬೇಕು. ಈ ಹಿಂಡು ಬೇಸಿಗೆಯಲ್ಲಿ ಪಾರ್ಕಿನ ಎತ್ತರದ ಜಾಗಗಳಲ್ಲಿರುತ್ತದೆ. ಚಳಿಗಾಲದಲ್ಲಿ ಗಾರ್ಡಿನರ್ ಊರಿನ ಕಡೆಯಿಂದ ಉತ್ತರಕ್ಕೆ, ನಿಮ್ಮ ಪ್ಯಾರಡೈಸ್ ವ್ಯಾಲಿಯತ್ತ ಇಳಿಯುತ್ತದೆ. ಅಂಕಿ ನೋಡಿದರೆ ಗೆಳೆಯರ ಮಾತು ನಿಜ ಅನಿಸುತ್ತದೆ. 1994ರ ಎಣಿಕೆಯಲ್ಲಿ ಸುಮಾರು 19,000 ಇತ್ತು. 1995 ಮತ್ತು 1996ರಲ್ಲಿ ಕೆನಡಾದಿಂದ 31 ತೋಳಗಳನ್ನು ತಂದು ಬಿಟ್ಟರು. 2013ರಲ್ಲಿ ಎಲ್ಕ್ 4,000ಕ್ಕಿಂತ ಕೆಳಗಿಳಿದಿತ್ತು. ಆದರೆ ನಡುವೆ ನಡೆದದ್ದನ್ನೂ ಸೇರಿಸಿಕೊಳ್ಳಿ. 1996-97ರ ಚಳಿಗಾಲ ಭೀಕರವಾಗಿತ್ತು. ಆಮೇಲೆ ಬರಗಾಲದ ವರ್ಷಗಳು. ಕರಡಿ ಮತ್ತು ಪೂಮಾ ಎಂಬ ದೊಡ್ಡ ಕಾಡುಬೆಕ್ಕು ಎರಡೂ ಹೆಚ್ಚಾದವು. ಹುಟ್ಟಿದ ಕೆಲವೇ ವಾರಗಳಲ್ಲಿ ಸಾಯುವ ಮರಿಗಳಲ್ಲಿ ಕರಡಿಯ ಬಾಯಿಗೆ ಹೋಗುವವೇ ಜಾಸ್ತಿ. ಇದರ ಜೊತೆಗೆ ಗಾರ್ಡಿನರ್ ಬಳಿ ಜನವರಿ, ಫೆಬ್ರವರಿಯಲ್ಲಿ ಪಾರ್ಕಿನಿಂದ ಹೊರಬರುವ ಎಲ್ಕ್‌ಗಳನ್ನು ಹೊಡೆಯುವ ತಡ ಸೀಸನ್ ಒಂದಿತ್ತು. ಹಿಂಡು ಇಳಿಮುಖವಾದ ಮೇಲೂ ಅದು ಕೆಲವು ವರ್ಷ ಜೋರಾಗಿಯೇ ನಡೆಯಿತು. ತೋಳ ಆರಿಸುವುದು ಎಲ್ಕ್ ಮರಿಗಳನ್ನು, ಮುದಿ ಹೆಣ್ಣುಗಳನ್ನು. ಕೋವಿ ಹಿಡಿದವರಿಗೆ ಸಿಗುತ್ತಿದ್ದದ್ದು ಹೆಚ್ಚಾಗಿ ಗಟ್ಟಿ ವಯಸ್ಸಿನ, ಹೊಟ್ಟೆಯಲ್ಲಿ ಮರಿಯಿದ್ದ ಹೆಣ್ಣುಗಳು. ಎರಡರಲ್ಲಿ ಹಿಂಡಿಗೆ ಯಾವುದು ಜಾಸ್ತಿ ಪೆಟ್ಟು ಅಂತ ನೀವೇ ಹೇಳಿ. ಆಮೇಲೆ ಆ ಸೀಸನ್ ಪರ್ಮಿಟ್‌ಗಳನ್ನು ಕಡಿಮೆ ಮಾಡುತ್ತಾ ಬಂದು ಕೊನೆಗೆ ನಿಲ್ಲಿಸಿದರು. ಹಿಂಡು ಸ್ವಲ್ಪ ಚೇತರಿಸಿಕೊಂಡಿತು. ಆದರೆ ಈಗ ಚಳಿಗಾಲ ಕಳೆಯುವ ಎಲ್ಕ್‌ಗಳಲ್ಲಿ ಹೆಚ್ಚಿನವು ಪಾರ್ಕಿನ ಹೊರಗೇ ಇರುತ್ತವೆ. ಅಂದರೆ ಮತ್ತೆ ರಾಂಚುಗಳ ನೆಲದಲ್ಲಿ.

ಇದೇ ಹಿಂಡಿನ ಇನ್ನೊಂದು ಹಳೆಯ ಅಧ್ಯಾಯ ಇದೆ. ಪಾರ್ಕಿನೊಳಗೆ ಎಲ್ಕ್ ಜಾಸ್ತಿಯಾಗಿ ಹುಲ್ಲು ಹಾಳಾಗುತ್ತಿದೆ ಅಂತ 1961-62ರ ಚಳಿಗಾಲದಲ್ಲಿ ರೇಂಜರ್‌ಗಳೇ 4,000ಕ್ಕೂ ಹೆಚ್ಚು ಎಲ್ಕ್‌ಗಳನ್ನು ಗುಂಡಿಟ್ಟು ಕೊಂದರು. ಟಿವಿಯಲ್ಲಿ, ಪತ್ರಿಕೆಯಲ್ಲಿ ನೋಡಿದ ಜನ ರೊಚ್ಚಿಗೆದ್ದರು. ಸೆನೆಟ್‌ವರೆಗೂ ಹೋಯಿತು, 1967ರಲ್ಲಿ ನಿಲ್ಲಿಸಬೇಕಾಯಿತು. ಸರ್ಕಾರವೇ ಹೊಡೆದು ಮುಗಿಸಲಿ ಅನ್ನುವವರಿಗೆ ನಾನು ಈ ಕಥೆ ಹೇಳುತ್ತೇನೆ. ಸಂಖ್ಯೆ ಇಳಿಯಿತು ನಿಜ. ಜನರ ಒಪ್ಪಿಗೆ ಮಾತ್ರ ಇರಲಿಲ್ಲ.

ಹಾಗಾದರೆ ದಾರಿ? ಗೇಟು ತೆರೆಸುವುದು. ಇದಕ್ಕೆ ಮೊಂಟಾನಾ ಮಾಡಿರುವ ಕೆಲಸಗಳಲ್ಲಿ ನನಗೆ ತುಂಬ ಹಿಡಿಸಿದ್ದು ಬ್ಲಾಕ್ ಮ್ಯಾನೇಜ್‌ಮೆಂಟ್ ಎಂಬ ಯೋಜನೆ. 1980ರ ದಶಕದಿಂದ ನಡೆಯುತ್ತಿದೆ. ಜಮೀನುದಾರರು ತಮ್ಮ ರಾಂಚನ್ನು ಸಾರ್ವಜನಿಕ ಬೇಟೆಗೆ ತೆರೆಯುತ್ತಾರೆ, ಎಷ್ಟು ಬೇಟೆಗಾರರು ಎಷ್ಟು ದಿನ ಬಂದರು ಅನ್ನುವ ಲೆಕ್ಕದಲ್ಲಿ ಇಲಾಖೆ ಹಣ ಕೊಡುತ್ತದೆ. ಬೇಟೆಗಾರರಿಗೆ ಪ್ರವೇಶ ಉಚಿತ. ಸುಮಾರು 70 ಲಕ್ಷ ಎಕರೆ ಹೀಗೆ ತೆರೆದಿದೆ. ಕೆಲವು ಕಡೆ ರಾಂಚಿನವರಿಗೆ ಮೊದಲೇ ಫೋನ್ ಮಾಡಿ ದಿನ ಗೊತ್ತುಮಾಡಿಕೊಳ್ಳಬೇಕು. ಕೆಲವು ಕಡೆ ಗೇಟಿನ ಪಕ್ಕ ಒಂದು ಪೆಟ್ಟಿಗೆ ನಿಲ್ಲಿಸಿರುತ್ತಾರೆ. ಮುಚ್ಚಳ ತೆಗೆದರೆ ಚೀಟಿಗಳು, ಜೊತೆಗೊಂದು ಮೊಂಡು ಪೆನ್ಸಿಲ್. ಹೆಸರು, ಲೈಸೆನ್ಸ್ ವಿವರ ಬರೆದು ಒಂದು ತುಂಡು ಪೆಟ್ಟಿಗೆಗೆ ಹಾಕಿ, ಇನ್ನೊಂದು ಜೇಬಿಗೆ ಇಟ್ಟುಕೊಂಡು ಒಳಗೆ ಹೋಗುವುದು. ಮೈನಸ್ ಇಪ್ಪತ್ತು ಡಿಗ್ರಿಯಲ್ಲಿ ಪೆನ್ನು ಬರೆಯುವುದಿಲ್ಲ, ಅದಕ್ಕೇ ಪೆನ್ಸಿಲ್.

ಇನ್ನೊಂದು ನಿಯಮ ಸಣ್ಣದು, ಜಾಣತನದ್ದು. ಎಲ್ಕ್ ಹಾವಳಿಗೆ ಮೊಂಟಾನಾ ಸರ್ಕಾರ ನಗದು ಪರಿಹಾರ ಕೊಡುವುದಿಲ್ಲ. ನಮ್ಮಲ್ಲಿ ಅರಣ್ಯ ಇಲಾಖೆ ಬೆಳೆಹಾನಿಗೆ ದುಡ್ಡು ಕೊಡುತ್ತದೆ, ಎಷ್ಟು ತಡವಾಗಿ ಅನ್ನುವುದು ನಿಮಗೂ ಗೊತ್ತು. ಇಲ್ಲಿ ಬದಲಿಗೆ ಬಣವೆಗೆ ಎತ್ತರದ ಬೇಲಿ ಹಾಕಲು ಸಾಮಾನು, ಹಿಂಡನ್ನು ಓಡಿಸಲು ನೆರವು, ಬೇಕಾದರೆ ಆ ಜಾಗಕ್ಕೇ ವಿಶೇಷ ಬೇಟೆ ಕೊಡುತ್ತಾರೆ. ಒಂದು ಷರತ್ತು: ಸಾಮಾನ್ಯ ಸೀಸನ್ನಿನಲ್ಲಿ ಜನರಿಗೆ ತಕ್ಕಮಟ್ಟಿಗೆ ಬೇಟೆಗೆ ಬಿಟ್ಟಿರಬೇಕು. ಗೇಟಿಗೆ ಬೀಗ ಹಾಕಿ, ಆಮೇಲೆ ಎಲ್ಕ್ ಕಾಟ ಅಂತ ಸರ್ಕಾರದ ಬಾಗಿಲು ಬಡಿಯುವ ಹಾಗಿಲ್ಲ. 454 ಒಪ್ಪಂದ ಅಂತ ಇನ್ನೊಂದಿದೆ. ಜಮೀನುದಾರರಿಗೆ ಸುಲಭವಾಗಿ ಸಿಗದ ಪರ್ಮಿಟ್ ಕೊಟ್ಟು, ಬದಲಿಗೆ ಕೆಲವು ಸಾರ್ವಜನಿಕ ಬೇಟೆಗಾರರನ್ನು ಪುಕ್ಕಟೆ ಒಳಗೆ ಬಿಡಿಸಿಕೊಳ್ಳುವುದು. ಶ್ರೀಮಂತರಿಗೆ ಗಂಡು ಎಲ್ಕ್ ಮಾರುವ ಹಿಂಬಾಗಿಲು ಇದು ಅಂತ ಬೈಯುವವರಿದ್ದಾರೆ. ನನಗೂ ಪೂರ್ತಿ ಸಮಾಧಾನವಿಲ್ಲ. ಕೋವಿ ಸೀಸನ್ ಮುಗಿದ ಮೇಲೂ ಖಾಸಗಿ ಜಮೀನಿನಲ್ಲಿ ಹೆಣ್ಣು ಹೊಡೆಯಲು ಬಿಡುವ ಶೋಲ್ಡರ್ ಸೀಸನ್ ಕೂಡ ಇದೆ. ಹಿಂಡಿಗೆ ತಿಂಗಳುಗಟ್ಟಲೆ ನೆಮ್ಮದಿ ಇಲ್ಲ ಅನ್ನುವುದು ಅದರ ದೋಷ.

ಜಮೀನನ್ನೇ ಕೊಂಡುಬಿಡುವುದು ಹಳೆಯ ಮತ್ತು ಗಟ್ಟಿ ಉಪಾಯ. ಅಗಸ್ಟಾ ಊರಿನ ಹತ್ತಿರದ ಸನ್ ರಿವರ್ ಪ್ರದೇಶದಲ್ಲಿ ಎಲ್ಕ್ ಹಿಂಡು ಚಳಿಗಾಲಕ್ಕೆ ರಾಂಚುಗಳಿಗೆ ಇಳಿದು ವರ್ಷಾನುಗಟ್ಟಲೆ ಜಗಳವಾಗಿತ್ತು. 1948ರಲ್ಲಿ ಒಬ್ಬ ರಾಂಚಿನವರು, ಒಬ್ಬ ಬೇಟೆಗಾರರು ಸೇರಿ ಕೈಯಿಂದ ಮುಂಗಡ ಹಾಕಿ ಜಮೀನು ಹಿಡಿದಿಟ್ಟರು, ರಾಜ್ಯ ಕೊಂಡುಕೊಂಡಿತು. ಸುಮಾರು 20,000 ಎಕರೆ. ಚಳಿಗಾಲವಿಡೀ ಅಲ್ಲಿಗೆ ಯಾರಿಗೂ ಪ್ರವೇಶವಿಲ್ಲ. ಮೇ 15ರ ಮಧ್ಯಾಹ್ನ ಹನ್ನೆರಡಕ್ಕೆ ಗೇಟು ತೆರೆಯುತ್ತಾರೆ. ಉದುರಿದ ಕೊಂಬು ಆಯಲು ಕುದುರೆ ಏರಿ ಕಾದು ನಿಂತವರು ಒಮ್ಮೆಗೇ ನುಗ್ಗುತ್ತಾರೆ. ಒಮ್ಮೆ ಹೋಗಿ ನೋಡಿ, ಕೋವಿ ಬೇಡ, ಲೈಸೆನ್ಸ್ ನಿಯಮ ಮಾತ್ರ ಆ ವರ್ಷದ್ದು ನೋಡಿಕೊಳ್ಳಿ. ಪಕ್ಕದ ವಯೋಮಿಂಗ್ ಬೇರೆ ದಾರಿ ಹಿಡಿಯಿತು. ಜಾಕ್ಸನ್ ಊರಿನ ಪಕ್ಕ 1912ರಲ್ಲಿ ರಾಷ್ಟ್ರೀಯ ಎಲ್ಕ್ ಧಾಮ ಆಯಿತು. ಅಲ್ಲೂ, ರಾಜ್ಯದ ಬೇರೆ ಕಡೆಯೂ, ಚಳಿಗಾಲದಲ್ಲಿ ಮೇವು ಹಾಕಿ ಎಲ್ಕ್‌ಗಳನ್ನು ರಾಂಚುಗಳಿಂದ ದೂರ ಇಡುತ್ತಾ ಬಂದರು. ಸಾವಿರಾರು ಪ್ರಾಣಿ ಒಂದೇ ಸಾಲಿನ ಮೇವಿಗೆ ಮೂತಿ ಹಾಕಿದರೆ ರೋಗ ಹರಡದೆ ಇರುತ್ತದೆಯೇ? ದನಗಳಿಗೆ ಗರ್ಭಪಾತ ತರುವ ಬ್ರುಸೆಲ್ಲೋಸಿಸ್ ಅಲ್ಲಿ ಬೇರೂರಿದೆ. ಈಗ ಮಿದುಳನ್ನೇ ತಿನ್ನುವ ಸಿಡಬ್ಲ್ಯುಡಿ (ಕ್ರಾನಿಕ್ ವೇಸ್ಟಿಂಗ್ ಡಿಸೀಸ್) ರೋಗದ ಭಯ. 2020ರ ಕೊನೆಯಲ್ಲಿ ಗ್ರಾಂಡ್ ಟೀಟನ್ ಪಾರ್ಕಿನ ಒಂದು ಎಲ್ಕ್‌ನಲ್ಲಿ ಅದು ಸಿಕ್ಕಿತು. ಮೇವು ಹಾಕುವುದು ಶುರುಮಾಡಿದಷ್ಟು ಸುಲಭವಾಗಿ ನಿಲ್ಲಿಸಲು ಆಗುವುದಿಲ್ಲ.

“ಎಲ್ಲಿ ಕಾಲಿಡಬಹುದು” ಅಂತ ಕೇಳಿದಿರಿ. ಅಕ್ಷರಶಃ ಕಾಲಿಡುವ ಬಗ್ಗೆಯೇ ಒಂದು ದೊಡ್ಡ ಕೇಸು ನಡೆದಿದೆ. 1862ರಿಂದ ರೈಲು ಕಂಪನಿಗಳಿಗೆ ಜಮೀನು ಕೊಡುವಾಗ ಮೈಲಿ ಚದರದ ತುಂಡುಗಳನ್ನು ಒಂದು ಬಿಟ್ಟು ಒಂದು ಕೊಟ್ಟರು. ನಕ್ಷೆ ನೋಡಿದರೆ ಚದುರಂಗದ ಮಣೆ. ಕರಿ ಮನೆ ಖಾಸಗಿ, ಬಿಳಿ ಮನೆ ಸರ್ಕಾರಿ. ಒಂದು ಬಿಳಿ ಮನೆಯಿಂದ ಇನ್ನೊಂದಕ್ಕೆ ಹೋಗಬೇಕಾದರೆ ಮೂಲೆಯಲ್ಲಿ ಅಡ್ಡ ದಾಟಬೇಕು. ಮೂಲೆ ಅಂದರೆ ನೆಲದಲ್ಲಿ ಒಂದು ಚುಕ್ಕೆ. ದಾಟುವಾಗ ಭುಜ, ಮೊಣಕೈ ಖಾಸಗಿ ಜಮೀನಿನ ಮೇಲಿನ ಗಾಳಿಯಲ್ಲಿ ಹಾದುಹೋಗುತ್ತದೆ. ಅದು ಅತಿಕ್ರಮಣವೇ? ಪಶ್ಚಿಮದ ರಾಜ್ಯಗಳಲ್ಲಿ ಹೀಗೆ ಮೂಲೆಗೆ ಸಿಕ್ಕಿಕೊಂಡ ಸಾರ್ವಜನಿಕ ನೆಲ ಸುಮಾರು 83 ಲಕ್ಷ ಎಕರೆ ಅಂತ ನಕ್ಷೆ ಆ್ಯಪ್ ಕಂಪನಿಯೊಂದು ಅಂದಾಜು ಮಾಡಿದೆ.

ವಯೋಮಿಂಗ್‌ನ ಎಲ್ಕ್ ಮೌಂಟನ್ ಬಳಿ ಮಿಸೌರಿಯಿಂದ ಬಂದ ಬೇಟೆಗಾರರು 2020ರಲ್ಲಿ ಇಂಥ ಮೂಲೆ ದಾಟಿದರು. ಮೂಲೆಯಲ್ಲಿ ಎರಡು ಕಂಬ ನೆಟ್ಟು ಸರಪಳಿ ಬಿಗಿದು ಬೋರ್ಡು ತೂಗುಹಾಕಿದ್ದರು. ಇವರು ಕಂಬ ಹಿಡಿದು ಸುತ್ತಿ ಆಚೆ ಇಳಿದರು. ಮರುವರ್ಷ ಮನೆಯಲ್ಲೇ ಕಬ್ಬಿಣದ ಏಣಿ ಮಾಡಿಸಿಕೊಂಡು ಬಂದರು, ಈ ಕಡೆ ಎರಡು ಕಾಲು, ಆ ಕಡೆ ಎರಡು ಕಾಲು. ಹತ್ತಿ ಇಳಿದರೆ ಖಾಸಗಿ ನೆಲಕ್ಕೆ ಬೂಟು ತಾಗುವುದೇ ಇಲ್ಲ. ಜಮೀನುದಾರರು ಕ್ರಿಮಿನಲ್ ಕೇಸು ಹಾಕಿಸಿದರು, 2022ರಲ್ಲಿ ಜ್ಯೂರಿ ಖುಲಾಸೆ ಮಾಡಿತು. ಲಕ್ಷಾಂತರ ಡಾಲರ್ ನಷ್ಟ ಅಂತ ಸಿವಿಲ್ ಕೇಸು ಹಾಕಿದರು. ಅದರಲ್ಲೂ ಬೇಟೆಗಾರರೇ ಗೆದ್ದರು. ಸಾರ್ವಜನಿಕ ನೆಲಕ್ಕೆ ಹೋಗುವ ದಾರಿಯನ್ನು ಬೇಲಿಯಿಂದ ತಡೆಯಬಾರದು ಅನ್ನುವ 1885ರ ಹಳೆಯ ಕಾನೂನು ಅವರ ಕೈ ಹಿಡಿಯಿತು. 2025ರ ಮಾರ್ಚ್‌ನಲ್ಲಿ ಹತ್ತನೇ ಸರ್ಕ್ಯೂಟ್, ಅಂದರೆ ಕೆಲವು ರಾಜ್ಯಗಳ ಗುಂಪಿಗಿರುವ ಫೆಡರಲ್ ಮೇಲ್ಮನವಿ ಕೋರ್ಟು, ಅದನ್ನು ಎತ್ತಿಹಿಡಿಯಿತು, ಅದೇ ವರ್ಷ ಅಕ್ಟೋಬರಿನಲ್ಲಿ ಸುಪ್ರೀಂ ಕೋರ್ಟು ಕೇಸು ಕೈಗೆತ್ತಿಕೊಳ್ಳಲು ಒಪ್ಪಲಿಲ್ಲ.

ಇದನ್ನು ಓದಿ ನೀವು ಏಣಿ ಕೊಳ್ಳಲು ಹೊರಡಬೇಡಿ. ಆ ತೀರ್ಪು ನಡೆಯುವುದು ವಯೋಮಿಂಗ್, ಕೊಲೊರಾಡೊ, ಯೂಟಾ, ನ್ಯೂ ಮೆಕ್ಸಿಕೊದಂಥ ಹತ್ತನೇ ಸರ್ಕ್ಯೂಟ್ ರಾಜ್ಯಗಳಲ್ಲಿ. ಮೊಂಟಾನಾ ಬರುವುದು ಒಂಬತ್ತನೆಯದರಲ್ಲಿ. ಮೂಲೆ ದಾಟುವುದು ಇಲ್ಲಿ ಈಗಲೂ ಕಾನೂನುಬಾಹಿರ ಅಂತಲೇ ನಿಮ್ಮ ರಾಜ್ಯದ ಇಲಾಖೆ ಹೇಳುತ್ತದೆ. ಬೋರ್ಡು ಇಲ್ಲದಿದ್ದರೂ ಖಾಸಗಿ ಜಮೀನಿನಲ್ಲಿ ಬೇಟೆಗೆ ಅನುಮತಿ ಬೇಕೇ ಬೇಕು. ಗೇಟಿನ ಕಂಬಕ್ಕೆ ಕಿತ್ತಳೆ ಬಣ್ಣ ಬಳಿದಿದ್ದರೆ ಅದೇ ಪ್ರವೇಶ ನಿಷೇಧದ ಬೋರ್ಡು.

ಕೆಲವರು ಕೇಳುತ್ತಾರೆ, ಈ ಪದ್ಧತಿ ನಮ್ಮ ಕರ್ನಾಟಕಕ್ಕೂ ತರಬಹುದಲ್ಲ ಅಂತ. ನನ್ನ ಉತ್ತರ, ಆಗುವುದಿಲ್ಲ. 1972ರ ವನ್ಯಜೀವಿ ಕಾನೂನು ಒಂದು ಕಾರಣ. ಕಾನೂನು ಪಕ್ಕಕ್ಕಿಟ್ಟರೂ, ಇಲ್ಲಿ ಇಡೀ ವ್ಯವಸ್ಥೆ ನಿಂತಿರುವುದು ಬೇಟೆಗಾರರ ದುಡ್ಡಿನ ಮೇಲೆ. ಲೈಸೆನ್ಸ್ ಶುಲ್ಕ ಒಂದು. 1937ರ ಕಾನೂನಿನಂತೆ ಉದ್ದ ಕೋವಿ, ತೋಟಾಗಳ ಮೇಲೆ ಶೇ. 11 ತೆರಿಗೆ ಇನ್ನೊಂದು. ಅದು ವನ್ಯಜೀವಿ ಕೆಲಸಕ್ಕೇ ಮೀಸಲು. ಹೊಡೆದ ಪ್ರಾಣಿಯ ಮಾಂಸ ಮಾರುವ ಹಾಗಿಲ್ಲ. ಒಳ್ಳೆಯ ಮಾಂಸ ಬಿಟ್ಟುಬಂದರೆ ಅಪರಾಧ. ಒಂದು ಕಾಲದಲ್ಲಿ ಮಾಂಸದ ವ್ಯಾಪಾರದಿಂದಲೇ ಎಲ್ಕ್ ಬಹುತೇಕ ಮುಗಿದುಹೋಗಿದ್ದವು, ಆ ಪಾಠದಿಂದ ಬಂದ ನಿಯಮ ಇದು. ಈ ಸರಪಳಿಯ ಒಂದು ಕೊಂಡಿ ಮಾತ್ರ ಬಿಚ್ಚಿ ಸಕಲೇಶಪುರಕ್ಕೆ ತಂದರೆ ಉಳಿಯುವುದು ಬರೀ ಗುಂಡು.

ಇನ್ನು ನಿಮ್ಮ ಮುಂದಿನ ವರ್ಷದ ತಯಾರಿ. ಮೊದಲನೆಯದು ವೀಸಾ. ನೀವು ಎಚ್-1ಬಿ ಥರದ ವೀಸಾದಲ್ಲಿದ್ದರೆ ಕೋವಿ ಮುಟ್ಟುವುದೇ ಫೆಡರಲ್ ಕಾನೂನಿನಲ್ಲಿ ಅಪರಾಧ. ರಾಜ್ಯದ ಬೇಟೆ ಲೈಸೆನ್ಸ್ ಕೈಯಲ್ಲಿದ್ದರೆ ವಿನಾಯಿತಿ ಇದೆ. ಲೈಸೆನ್ಸ್ ಬರುವ ಮೊದಲು ಗೆಳೆಯರ ಕೋವಿ ಹಿಡಿದು ಗುರಿ ಅಭ್ಯಾಸ ಮಾಡಲು ಹೋಗಬೇಡಿ, ಒಬ್ಬ ವಕೀಲರನ್ನು ಕೇಳಿಕೊಳ್ಳಿ. ಗ್ರೀನ್ ಕಾರ್ಡ್ ಇದ್ದರೆ ಈ ತಲೆನೋವಿಲ್ಲ. 1985ರ ಜನವರಿ 1ರ ನಂತರ ಹುಟ್ಟಿದವರು ಬೇಟೆಗಾರರ ತರಬೇತಿ ಕೋರ್ಸ್ ಮಾಡಿರಬೇಕು. ರಾಜ್ಯದಲ್ಲಿ ಸತತ 180 ದಿನ ವಾಸವಾಗಿದ್ದರೆ ಸ್ಥಳೀಯರ ದರ. ಹೊರಗಿನವರ ದರ ಸಾವಿರ ಡಾಲರ್ ದಾಟುತ್ತದೆ, ಹಾಗಾಗಿ ಈ ದಾಖಲೆ ಸರಿಯಾಗಿ ಇಟ್ಟುಕೊಳ್ಳಿ.

ಗಂಡು ಎಲ್ಕ್ ಆಸೆ ಮೊದಲ ವರ್ಷ ಬಿಡಿ. ಹೆಣ್ಣಿಗೆ ಬೇರೆಯೇ ಲೈಸೆನ್ಸ್ ಇದೆ, ಎಲ್ಕ್ ಬಿ ಅಂತ. ಒಂದು ಹೆಣ್ಣಿನಿಂದ ಮೂಳೆ ಬಿಟ್ಟು 60 ಕೆ.ಜಿ. ಮೇಲೆಯೇ ಮಾಂಸ ಸಿಗುತ್ತದೆ. ಅದನ್ನು ಬೆನ್ನ ಮೇಲೆ ಹೊತ್ತು ತರಬೇಕು ಅನ್ನುವುದೂ ನೆನಪಿರಲಿ. ನಿಮ್ಮ ಕಡೆ ಗ್ರಿಜ್ಲಿ ಕರಡಿಗಳಿವೆ, ಕರುಳಿನ ವಾಸನೆಗೆ ಬರುತ್ತವೆ, ಕರಡಿ ಸ್ಪ್ರೇ ಸೊಂಟದಲ್ಲೇ ಇರಲಿ. ಸಿಡಬ್ಲ್ಯುಡಿ ಇರುವ ಪ್ರದೇಶವಾದರೆ ಮಾದರಿ ಪರೀಕ್ಷೆಗೆ ಕೊಟ್ಟು ಫಲಿತಾಂಶ ಬರುವವರೆಗೆ ತಿನ್ನಬೇಡಿ. ಮನುಷ್ಯರಿಗೆ ಬಂದ ಪ್ರಕರಣ ಗೊತ್ತಿಲ್ಲ, ಆದರೂ ರೋಗವಿದ್ದ ಮಾಂಸ ತಿನ್ನಬೇಡಿ ಅಂತಲೇ ಆರೋಗ್ಯ ಇಲಾಖೆಗಳ ಸಲಹೆ.

ರಾಂಚಿನವರ ಬಾಗಿಲಿಗೆ ಹೋಗುವುದು ಸೀಸನ್ನಿನ ಮೊದಲ ಬೆಳಿಗ್ಗೆ ಅಲ್ಲ, ಜುಲೈನಲ್ಲಿ. ಹುಲ್ಲು ಕೊಯ್ಯುವ ಕಾಲ, ಅವರಿಗೂ ಕೈ ಬೇಕಾಗಿರುತ್ತದೆ. ಒಂದು ಶನಿವಾರ ಬೇಲಿ ರಿಪೇರಿಗೆ ನಿಂತರೆ ನಿಮ್ಮ ಮುಖ ನೆನಪಿರುತ್ತದೆ. “ಗಂಡು ಬೇಡ, ಹೆಣ್ಣು ಹೊಡೆಯಲು ಬಿಡುತ್ತೀರಾ” ಅಂತ ಕೇಳಿದರೆ ಒಪ್ಪುವವರು ಜಾಸ್ತಿ. ತೆರೆದಿದ್ದ ಗೇಟು ತೆರೆದೇ ಬಿಡಿ, ಮುಚ್ಚಿದ್ದನ್ನು ಮುಚ್ಚಿಯೇ ಹೋಗಿ. ಪ್ಯಾರಡೈಸ್ ವ್ಯಾಲಿಯ ನಿಮ್ಮ ಪರಿಚಯದವರು ಬಣವೆ ಹೋಯಿತು ಅಂತ ಹೇಳಿದಾಗ ನೀವು ಅವರನ್ನು ಹೀಗೆ ಹೆಣ್ಣು ಹೊಡೆಯಲು ಬಿಡುತ್ತೀರಾ ಅಂತ ಕೇಳಿದ್ದೀರಾ? ಬಿ ಲೈಸೆನ್ಸ್ ಅರ್ಜಿಗೆ ಜೂನ್ 1 ಕೊನೆ ದಿನ. ಅವರ ಜಮೀನು ಯಾವ ಬೇಟೆ ವಲಯದಲ್ಲಿ ಬರುತ್ತದೆ ಅಂತ ಅದಕ್ಕೆ ಮೊದಲೇ ವಿಚಾರಿಸಿ, ನೀವೂ ನಿಮ್ಮ ಗೆಳೆಯರೂ ಆ ವಲಯಕ್ಕೇ ಅರ್ಜಿ ಹಾಕಿ.